ಊರೊಳಗೆ ಹತ್ತಿದ ಬೆಟ್ಟ

ಬೆಟ್ಟದ ಬುಡದಲ್ಲಿ ಒಂದು ಊರಿತ್ತು. ಯಾವ ಬೆಟ್ಟ, ಯಾವ ಊರು ಎಂದು ಕೇಳಿದರೆ ಹೇಳುವುದು ಕಷ್ಟ. ಅಲ್ಲಿಗೆ ಹೋಗಿ ಬಂದೆವೆನ್ನುವವರೆಲ್ಲ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸುತ್ತಾರೆ. ಆದರೆ ಆ ಊರಿನ ಕಟ್ಟಳೆಯ ವಿಷಯದಲ್ಲಿ ಮಾತ್ರ ಯಾರದೂ ಎರಡು ಮಾತಿಲ್ಲ. ಬೆಟ್ಟಕ್ಕೆ ಹೋಗುವವರು ಮೊದಲು ಅದನ್ನು ಊರೊಳಗೇ ಹತ್ತಿ ಇಳಿಯಬೇಕು. ಊರೊಳಗೆ ಸತ್ತವರು ಬೆಟ್ಟಕ್ಕೆ ಹೋಗುವಂತಿಲ್ಲ. ಊರೊಳಗೆ ಬದುಕಿ ಬಂದವರು ಮಾರನೆಯ ಬೆಳಿಗ್ಗೆ ಹೊರಡಬಹುದು.

ಊರಿಗೆ ಇದ್ದದ್ದು ಒಂದೇ ಬೀದಿ. ಅದು ಏರುತ್ತ ಏರುತ್ತ ಹೋಗಿ ಒಂದು ಕಲ್ಲುಕಟ್ಟೆಯಲ್ಲಿ ಮುಗಿಯುತ್ತಿತ್ತು. ಕೆಳಗಿನ ಬಾವಿಯೇ ಬೆಟ್ಟದ ತೊರೆ. ನಡುವಿನ ಗಾಣವೇ ಬೆಟ್ಟದ ಇಕ್ಕಟ್ಟು ಬಂಡೆ. ಮೇಲಿನ ಕಟ್ಟೆಯೇ ಬೆಟ್ಟದ ನೆತ್ತಿಯ ತಂಗುಮನೆ. ಹೋಗುವವರು ಗಂಟು ಹೊತ್ತು ಬಾವಿಯಿಂದ ಗಾಣಕ್ಕೆ, ಗಾಣದಿಂದ ಕಟ್ಟೆಗೆ, ಕಟ್ಟೆಯಿಂದ ತಿರುಗಿ ಬಾವಿಗೆ ನಡೆಯಬೇಕು. ನಡೆಯುವಾಗ ದಾರಿಯುದ್ದಕ್ಕೂ ಹವೆ ಎದುರಾಗುತ್ತದೆ. ಹವೆ ಎಂದರೆ ನಾಲ್ಕು ಮನೆಗಳು. ಮಂಜಿನ ಮನೆಯವರು ಒದ್ದೆ ಪಂಚೆಯನ್ನು ಮುಖದ ಮೇಲೆ ಹೊದಿಸುತ್ತಾರೆ. ಗಾಳಿಯ ಮನೆಯವರು ಮೊರ ಹಿಡಿದು ಬೀಸುತ್ತಾರೆ. ಬಿಸಿಲಿನ ಮನೆಯವರು ಹಿತ್ತಾಳೆ ತಟ್ಟೆಯನ್ನು ಕಣ್ಣಿಗೆ ಹೊಳೆಯಿಸುತ್ತಾರೆ. ಹಿಮದ ಮನೆಯವರು ಬೂದಿ ಎರಚುತ್ತಾರೆ. ಬೂದಿ ಪಾದ ಮುಚ್ಚಿತೋ, ನಡೆಯುವವನು ಸತ್ತ. ಅವನು ಅಲ್ಲೇ ಬೀದಿಯಲ್ಲಿ ಮಲಗಬೇಕು, ಯಾರಾದರೂ ಬಂದು ಏಳು ಅನ್ನುವವರೆಗೆ ಏಳಬಾರದು.

ಈ ಕಥೆಯ ಅಕ್ಕ ಆ ಬೀದಿಯಲ್ಲಿ ದಿನಾ ಸಾಯುತ್ತಿದ್ದಳು.

ಅವಳಿಗಿದ್ದವನು ಒಬ್ಬನೇ ತಮ್ಮ. ಮಾಗಿ ಶುರುವಾಗುವ ಮುಂಚೆ ಅವನು ಬೆಟ್ಟದ ನೆತ್ತಿಗೆ ಹೋಗಿದ್ದ. ಆಚೆ ಸೀಮೆಯಿಂದ ಯಾರಾದರೂ ದಾರಿತಪ್ಪಿ ಬಂದರೆ ಬೆಂಕಿ ಇರಲಿ ಎಂದು ಚಳಿಗಾಲವಿಡೀ ತಂಗುಮನೆಯಲ್ಲಿ ಒಬ್ಬರು ಒಲೆ ಕಾಯುವುದು ಆ ಊರಿನ ಪದ್ಧತಿ; ಈ ಸಲದ ಸರದಿ ಅವನದು. ಮಾಗಿ ಮುಗಿಯುವವರೆಗೆ ಸಾಲುವಷ್ಟು ಹಿಟ್ಟು ಅವನ ಜೊತೆ ಹೋಗಿತ್ತು. ಮಾಗಿ ಮುಗಿದ ಮೇಲೆ ಅವನ ಮನೆಯವರು ಹೋಗಿ ಕರೆದುಕೊಂಡು ಬರಬೇಕು. ಕರೆಯದೆ ಇಳಿಯುವ ಹಾಗಿಲ್ಲ. ಹಿಟ್ಟು ಮುಗಿಯುವುದರೊಳಗೆ ಅಕ್ಕ ಹೋದರೆ ತಮ್ಮ ಉಳಿದ, ತಡವಾದರೆ ಇಲ್ಲ. ಆತುರಪಟ್ಟು ಹೋದರೆ ಇಬ್ಬರೂ ಇಲ್ಲ.

ಇನ್ನು ಮಾಗಿ ಮುಗಿದಿತ್ತೇ? ಅದೇ ತಕರಾರು. ಬೆಳಿಗ್ಗೆ ನೋಡಿದರೆ ಬೆಟ್ಟ ಬೆಳ್ಳಗಿರುತ್ತಿತ್ತು. ಮಧ್ಯಾಹ್ನ ನೋಡಿದರೆ ಕಪ್ಪಗಿರುತ್ತಿತ್ತು. ಸಂಜೆ ನೋಡಿದರೆ ಮತ್ತೆ ಬೆಳ್ಳಗೆ. ಇದು ಯಾರ ಕಾಲ ಎಂದು ನಾಲ್ಕು ಮನೆಗಳಿಗೂ ಬಗೆಹರಿಯದೆ, ನಾಲ್ಕೂ ಮನೆಯವರು ಒಟ್ಟಿಗೇ ಬೀದಿಗೆ ಬರುತ್ತಿದ್ದರು. ಅಕ್ಕ ಬಾವಿ ದಾಟುತ್ತಿದ್ದಂತೆ ಬೂದಿ ಬೀಳುತ್ತಿತ್ತು. ಬೂದಿ ಬಿದ್ದಲ್ಲೇ ತಟ್ಟೆ ಹೊಳೆಯುತ್ತಿತ್ತು. ಮೊರದ ಬೀಸು ಆ ಬೂದಿಯನ್ನು ಕಣ್ಣಿಗೆ ತುಂಬುತ್ತಿತ್ತು. ಇನ್ನೇನು ಕಣ್ಣುಜ್ಜಿಕೊಳ್ಳಬೇಕು ಅನ್ನುವಾಗ ಮುಖದ ಮೇಲೆ ಒದ್ದೆ ಪಂಚೆ. ಅವಳು ಗಾಣದ ಹತ್ತಿರ ಸಾಯುತ್ತಿದ್ದಳು. ಕೆಲವು ದಿನ ಬಾವಿಯ ಹತ್ತಿರವೇ ಸಾಯುತ್ತಿದ್ದಳು.

“ಸತ್ತೆ ಕಣೇ, ಮಲಕ್ಕೋ,” ಎನ್ನುತ್ತಿದ್ದಳು ಹಿಮದ ಮನೆಯ ಹೆಂಗಸು, ಬೂದಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು. ಅವಳೇನು ಕೆಟ್ಟವಳಲ್ಲ. ಅಕ್ಕನ ತಲೆಯ ಕೆಳಗೆ ತನ್ನ ಸೆರಗನ್ನು ಮಡಿಸಿ ಇಡುತ್ತಿದ್ದಳು.

“ಹಿಟ್ಟು ಮುಗೀತಾ ಬಂದಿರುತ್ತೆ,” ಎಂದು ಅಕ್ಕ ಮಲಗಿದಲ್ಲಿಂದಲೇ ಹೇಳುತ್ತಿದ್ದಳು.

“ಸತ್ತೋರು ಮಾತಾಡಬಾರದು. ಸುಮ್ನಿರು.”

ಮನೆಗೆ ಬಂದು ಅಕ್ಕ ಗಂಟು ಬಿಚ್ಚುತ್ತಿದ್ದಳು. ಹಿಮ ಇದ್ದರೆ ಕಂಬಳಿ ಬೇಕು ಎಂದು ಕಂಬಳಿ ಇಟ್ಟು ಕಟ್ಟುತ್ತಿದ್ದಳು. ಬಿಸಿಲಿದ್ದರೆ ಕಂಬಳಿ ದಂಡ, ನೀರಿನ ಬುರುಡೆ ಬೇಕು ಎಂದು ಬಿಚ್ಚುತ್ತಿದ್ದಳು. ಬುರುಡೆ ಇಟ್ಟು ಕಟ್ಟುತ್ತಿದ್ದಳು. ನೀರು ಹೆಪ್ಪುಗಟ್ಟಿದರೆ ಬುರುಡೆ ಒಡೆಯುತ್ತದಲ್ಲ ಎಂದು ಬಿಚ್ಚುತ್ತಿದ್ದಳು. ಕಟ್ಟಿದ್ದೇ ಕಟ್ಟಿದ್ದು, ಬಿಚ್ಚಿದ್ದೇ ಬಿಚ್ಚಿದ್ದು. ಕೊನೆಗೆ ಗಂಟಿನಲ್ಲಿ ಏನಿದೆ ಏನಿಲ್ಲ ಎಂಬುದೇ ಅವಳಿಗೆ ಮರೆತುಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ನಾಲ್ಕೂ ಮನೆಯ ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿದಳು. ನೀವು ನಾಲ್ವರೂ ಕೂಡಿ ಒಂದು ಮಾತು ಹೇಳಿ, ಹೋಗಲೋ ಬೇಡವೋ, ಎಂದಳು. ಗಾಳಿಯ ಮನೆಯವನು ಬೆರಳು ನೆಕ್ಕಿ ಎತ್ತಿ ಹಿಡಿದ. ಬಿಸಿಲಿನ ಮನೆಯವನು ಅಂಗಳದ ನೆರಳನ್ನು ನೋಡಿದ. ಹಿಮದ ಮನೆಯವಳು ಬುಟ್ಟಿಯಲ್ಲಿ ಬೂದಿ ಎಷ್ಟು ಉಳಿದಿದೆ ಎಂದು ನೋಡಿದಳು. ಮಂಜಿನ ಮನೆಯ ಅಜ್ಜ ಮಾತ್ರ ಎತ್ತಲೂ ನೋಡಲಿಲ್ಲ.

“ಮಾಗಿ ಮುಗೀತಾ ಇಲ್ವಾ ಅನ್ನೋದು ಆ ಮಾಗಿಗೇ ಗೊತ್ತಿಲ್ಲ ಕಣಮ್ಮ,” ಎಂದ ಅಜ್ಜ. “ನಮ್ಮನ್ನ ಕೇಳಿದ್ರೆ?”

“ಹಾಗಾದ್ರೆ ನಾನೇನು ಮಾಡ್ಲಿ?”

“ನಾಳೆ ಬೆಳಿಗ್ಗೆ ಬಾವಿ ಹತ್ರ ಬಾ. ಮತ್ತೆ ನೋಡಣ.”

ಇಲ್ಲಿ ಇನ್ನೊಬ್ಬನ ವಿಷಯ ಹೇಳಬೇಕು. ಊರೊಳಗೆ ಬೆಟ್ಟ ಹತ್ತುವಾಗ ಮೇಲೆ ಕಾಯುತ್ತಿರುವವನೂ ಒಬ್ಬ ಬೇಕಲ್ಲ. ಅದಕ್ಕೆ ಬದಲಿಯವನೊಬ್ಬ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿರುತ್ತಿದ್ದ. ಈ ಸಲದ ಬದಲಿಯವನು ಪರಸ್ಥಳದವನು, ಬಾಚಣಿಗೆ ಮಾರಲು ಬಂದು ಹಿಮಕ್ಕೆ ಸಿಕ್ಕಿ ಊರಲ್ಲೇ ಉಳಿದುಬಿಟ್ಟವನು. ಅವನಿಗೆ ಹಿಂದಿಲ್ಲ, ಮುಂದಿಲ್ಲ. ಅಕ್ಕ ಕಟ್ಟೆ ಮುಟ್ಟಿದರೆ ಅವನು “ಬಂದ್ಯಾ ಅಕ್ಕ?” ಅನ್ನಬೇಕು, ಅಷ್ಟೇ ಅವನ ಕೆಲಸ. ಅಕ್ಕ ದಿನಾ ಸಾಯುತ್ತಿದ್ದುದರಿಂದ ಅವನಿಗೆ ಅದನ್ನು ಹೇಳುವ ಅವಕಾಶ ಬಂದಿರಲಿಲ್ಲ. ಬೆಳಗಿನಿಂದ ಕೂತು ಆ ಎರಡು ಮಾತನ್ನು ಬಾಯೊಳಗೇ ಹೇಳಿಕೊಂಡು, ಅವಳು ಗಾಣದ ಹತ್ತಿರ ಬಿದ್ದದ್ದನ್ನು ನೋಡಿ, ಕಂಬಳಿ ಮಡಿಸಿ ಇಳಿದುಬರುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಊರಿಗೆ ಊರೇ ಬೇಸತ್ತಿತ್ತು. ಹಿಮದ ಮನೆಯಲ್ಲಿ ಬೂದಿ ತೀರಿತ್ತು. ಗಾಳಿಯ ಮನೆಯವನಿಗೆ ರಟ್ಟೆ ಹಿಡಿದುಕೊಂಡಿತ್ತು. ಮಂಜಿನ ಅಜ್ಜನ ಪಂಚೆ ಒಣಗಿರಲಿಲ್ಲ, ಅಂದರೆ ಅವನು ಉಟ್ಟುಕೊಳ್ಳಲಿಕ್ಕೇ ಒಣಗಿದ ಪಂಚೆ ಇರಲಿಲ್ಲ. ಬಿಸಿಲಿನ ಮನೆಯವನು ತಟ್ಟೆಯಲ್ಲಿ ಉಣ್ಣುತ್ತ ಕೂತಿದ್ದ. ಅಕ್ಕ ಬಾವಿ ದಾಟಿದಳು, ಏನೂ ಆಗಲಿಲ್ಲ. ಗಾಣ ದಾಟಿದಳು, ಏನೂ ಆಗಲಿಲ್ಲ. ಅವಳಿಗೆ ನಂಬಿಕೆಯಾಗಲಿಲ್ಲ. ಎದುರಿಗೆ ಕಟ್ಟೆ ಬಂತು.

“ಬಂದ್ಯಾ ಅಕ್ಕ?” ಎಂದ ಬದಲಿಯವನು. ಅಷ್ಟು ದಿನ ಬಾಯೊಳಗೆ ಇಟ್ಟುಕೊಂಡ ಮಾತು ಕೊನೆಗೂ ಹೊರಬಂತು. ಅಕ್ಕ ಜೋರಾಗಿ ಅತ್ತುಬಿಟ್ಟಳು.

ಇಬ್ಬರೂ ಕೈಹಿಡಿದು ಬಾವಿಯವರೆಗೆ ಇಳಿದರು. ಊರಿನವರು ಆರತಿ ಎತ್ತಿದರು, ಕಾಲಿಗೆ ಬಿಸಿನೀರು ಹೊಯ್ದರು, ಬೆಲ್ಲ ಹಂಚಿದರು. ಪದ್ಧತಿಯಂತೆ ಬದಲಿಯವನು ಆ ರಾತ್ರಿ ಅಕ್ಕನ ಮನೆಯಲ್ಲೇ ಉಂಡು ಮಲಗಿದ.

ಮಾರನೆಯ ಬೆಳಿಗ್ಗೆ ಅಕ್ಕ ಗಂಟು ಹೊತ್ತು ಹೊರಟಾಗ ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹಿಮದ ಮನೆಯ ಹೆಂಗಸು ಹಗ್ಗ ಬಿಟ್ಟು ನೋಡಿದಳು.

“ಎಲ್ಲಿಗೆ?”

“ಬೆಟ್ಟಕ್ಕೆ. ತಮ್ಮನ್ನ ಕರ್ಕೊಂಡು ಬರಕ್ಕೆ.”

“ನಿನ್ನೆ ಕರ್ಕೊಂಡು ಬಂದ್ಯಲ್ಲೇ. ಮನೇಲಿಲ್ವಾ ಅವನು?”

“ಅದು ಊರೊಳಗೆ ಹತ್ತಿದ್ದು.”

“ಎಷ್ಟು ದಿನ ಹತ್ತಿದೆ, ಎಷ್ಟು ಸಲ ಸತ್ತೆ, ನಾನೇ ಕಣ್ಣಾರೆ ನೋಡಿಲ್ವಾ? ಸುಸ್ತಾಗಿದೆ ನಿಂಗೆ. ಹೋಗಿ ಮಲಕ್ಕೋ.”

ಅವಳು ಹಾಸ್ಯ ಮಾಡುತ್ತಿರಲಿಲ್ಲ. ಗಾಣದವನನ್ನು ಕೇಳಿದರೆ ಅವನೂ ಅದನ್ನೇ ಹೇಳಿದ. ಮಂಜಿನ ಅಜ್ಜ ನೆತ್ತಿ ಸವರಿ, ಎಲ್ಲಾ ಮುಗೀತಲ್ಲ ಮಗಳೇ, ಇನ್ನು ನೆಮ್ಮದಿಯಾಗಿರು, ಎಂದ. ಹತ್ತುವುದು ಅಷ್ಟು ದಿನ ಎಳೆದಿತ್ತು. ಅದು ಯಾವುದಕ್ಕಾಗಿ ಎಂಬುದು ಊರಿಗೆ ಮರೆತುಹೋಗಿತ್ತು.

ಅಕ್ಕ ಮನೆಗೆ ಬಂದಳು. ಕಾಲು ನಿಜಕ್ಕೂ ನೋಯುತ್ತಿತ್ತು. ಹಿಮ್ಮಡಿ ಬಿರಿದಿತ್ತು. ಹತ್ತದಿದ್ದರೆ ಕಾಲು ಯಾಕೆ ನೋಯಬೇಕು? ಹಿತ್ತಲಲ್ಲಿ ಬದಲಿಯವನು ಸೌದೆ ಒಡೆಯುತ್ತಿದ್ದ. ಅವಳನ್ನು ಕಂಡು, ಹಸಿವಾಗ್ತಿದೆ ಅಕ್ಕ, ಎಂದ. ಅವಳು ರೊಟ್ಟಿ ಬಡಿದಳು. ಅವನು ತಿನ್ನುವುದನ್ನು ನೋಡುತ್ತ ಕೂತಳು. ನೋಡುತ್ತ ನೋಡುತ್ತ ಅವಳ ಜೀವಕ್ಕೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ಹೆದರಿಕೆಯೂ ಆಯಿತು. ತಮ್ಮನ ಮುಖ ನೆನಪಿಸಿಕೊಳ್ಳಲು ಹೋದರೆ ಇವನ ಮುಖವೇ ಬರುತ್ತಿತ್ತು. ಅವನ ತಲೆಗೆ ಎಣ್ಣೆ ಹಚ್ಚಿದಳು, ಬಿಸಿನೀರು ಕಾಯಿಸಿ ಎರೆದಳು. ದಿನಗಳು ಹೀಗೆ ಹೋದವು. ಎಷ್ಟು ದಿನ ಎಂದು ಅವಳನ್ನು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಇಬ್ಬರೂ ಜಗುಲಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಬಿಸಿಲು ಇತ್ತು ಅನ್ನಿ, ಹಲ್ಲು ಕಟಕಟಿಸುವ ಚಳಿಯೂ ಇತ್ತು. ಬದಲಿಯವನು ಬೆಟ್ಟದ ಕಡೆ ನೋಡುತ್ತಿದ್ದವನು ತಟ್ಟನೆ ರೊಟ್ಟಿಯನ್ನು ಕೆಳಗಿಟ್ಟ.

“ಅಕ್ಕ, ಮೇಲೆ ಹೊಗೆ ಏಳ್ತಿದೆ.”

ಅವಳು ನೋಡಿದಳು. ಬೆಟ್ಟದ ನೆತ್ತಿಯಲ್ಲಿ ದಾರದಷ್ಟು ತೆಳ್ಳಗೆ ಒಂದು ಹೊಗೆ.

“ಮಂಜಿರಬೇಕು,” ಎಂದಳು.

“ಮಂಜು ಒಂದೇ ಕಡೆಯಿಂದ ಏಳುತ್ತಾ?” ಅವನು ಅವಳ ಕಡೆ ತಿರುಗಿದ. “ನಾನಿಲ್ಲಿದ್ದೀನಿ. ಹಾಗಾದ್ರೆ ಅಲ್ಲಿ ಒಲೆ ಉರಿಸ್ತಾ ಇರೋದು ಯಾರು?”

ಅಕ್ಕ ಅವನ ಹತ್ತಿರ ಸರಿದಳು. ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಒಳ್ಳೆಯ ಮುಖ. ಬಾಚಣಿಗೆ ಮಾರುವವನ ಮುಖ.

“ನಾನು ನಿನ್ನ ತಮ್ಮ ಅಲ್ಲ ಅಂತ ಕಾಣುತ್ತೆ,” ಎಂದ ಅವನು. ಅವನಿಗೂ ಆಗ ತಾನೇ ಹೊಳೆದಂತಿತ್ತು, ಅದು ಅವನಿಗೆ ಇಷ್ಟವಾಗಿರಲಿಲ್ಲ. “ನೀನು ಹೋಗು. ಊರಿನೋರು ಕೇಳಿದ್ರೆ ಅಕ್ಕ ಒಳಗೆ ಮಲಗಿದ್ದಾಳೆ ಅಂತೀನಿ. ಇಲ್ದಿದ್ರೆ ಮತ್ತೆ ಬಾವಿ ಹತ್ರ ನಿಲ್ಲಿಸ್ತಾರೆ ನಿನ್ನ.”

“ಹವೆ ಹೇಗಿರುತ್ತೋ ಏನೋ.”

“ಹೇಗೋ ಇರುತ್ತೆ.”

ಅವಳು ಗಂಟು ಬಿಚ್ಚಿ ನೋಡಲಿಲ್ಲ. ಇದ್ದಂತೆಯೇ ಹೆಗಲಿಗೇರಿಸಿ ಹಿತ್ತಲ ಬಾಗಿಲಿನಿಂದ ಹೊರಟಳು.

ಬೆಟ್ಟ ಬೀದಿಯಂತಿರಲಿಲ್ಲ. ತೊರೆ ಇರಬೇಕಾದಲ್ಲಿ ತೊರೆ ಇರಲಿಲ್ಲ. ಬಂಡೆಗಳ ನಡುವೆ ನುಸುಳಿ ಬಂದ ಮೇಲೆ ತೊರೆ ಸಿಕ್ಕಿತು, ಅದೂ ಮೇಲೆ ಗಟ್ಟಿ, ಒಳಗೆ ಹರಿಯುತ್ತಿತ್ತು. ಗಾಳಿ ಬರುತ್ತದೆ ಎಂದು ಮುಖ ತಿರುಗಿಸಿದರೆ ಗಾಳಿ ಬರುತ್ತಿರಲಿಲ್ಲ. ನೇರ ನಡೆದರೆ ಬೆನ್ನಿಗೆ ಬಂದು ದೂಡುತ್ತಿತ್ತು. ಬಿಸಿಲು ಅವಳ ಬಲಗೆನ್ನೆಗೆ ಬೀಳುವಾಗ ಎಡಗೆನ್ನೆಗೆ ಹಿಮ ಬೀಳುತ್ತಿತ್ತು. ಯಾವುದೂ ತನ್ನ ಸರದಿಗೆ ಕಾಯಲಿಲ್ಲ. ಕರಗಿದ ನೆಲವೆಂದು ಕಾಲಿಟ್ಟಲ್ಲಿ ಮೊಣಕಾಲಿನವರೆಗೆ ಹುಗಿಯುತ್ತಿತ್ತು, ಹುಗಿಯುತ್ತದೆ ಎಂದು ಹೆದರಿದಲ್ಲಿ ಕಲ್ಲು ಸಿಗುತ್ತಿತ್ತು.

ಒಂದು ಇಳಿಜಾರಿನಲ್ಲಿ ಹೊಸ ಹಿಮ ಮೆಲ್ಲಗೆ ಬಿದ್ದು ಅವಳ ಪಾದಗಳನ್ನು ಮುಚ್ಚಿತು. ಅಕ್ಕ ನಿಂತಳು. ಗಂಟು ಇಳಿಸಿದಳು. ಅಷ್ಟು ದಿನದ ರೂಢಿ ನೋಡಿ, ಅವಳು ಅಲ್ಲೇ ಮಲಗಿಬಿಟ್ಟಳು.

ಮಲಗಿ ಕಾದಳು. ಸತ್ತವರು ಮಾತಾಡಬಾರದು ಎಂದು ಬಾಯಿಮುಚ್ಚಿಕೊಂಡಿದ್ದಳು. ಹಿಮ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಮೊದಲು ಚಳಿಯಾಯಿತು, ಆಮೇಲೆ ಚಳಿಯಾಗುವುದು ನಿಂತಿತು. ಯಾರಾದರೂ ಬಂದು ಏಳು ಅನ್ನುತ್ತಾರೆ ಎಂದು ಅವಳಿಗೆ ಪೂರ್ತಿ ಭರವಸೆಯಿತ್ತು. ಯಾರೂ ಬರಲಿಲ್ಲ. ಬೆಟ್ಟದಲ್ಲಿ ಯಾರಿರುತ್ತಾರೆ? ಆಗ ಅವಳಿಗೆ ಇದ್ದಕ್ಕಿದ್ದಂತೆ ಕೆಟ್ಟ ಭಯವಾಯಿತು.

“ಏಳೇ,” ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳುವ ಅಧಿಕಾರ ತನಗಿದೆಯೋ ಇಲ್ಲವೋ ತಿಳಿಯಲಿಲ್ಲ. ಆದರೂ ಎದ್ದಳು. ಅವಳು ಎದ್ದದ್ದಕ್ಕೆ ಬೆಟ್ಟ ಏನೂ ಅನ್ನಲಿಲ್ಲ.

ತಂಗುಮನೆಯ ಬಾಗಿಲು ತೆರೆದೇ ಇತ್ತು. ಒಲೆಯಲ್ಲಿ ಸಣ್ಣ ಬೆಂಕಿ. ಒಲೆಯ ಈ ಕಡೆ ತಮ್ಮ, ಗುರುತೇ ಸಿಗದಷ್ಟು ಸೊರಗಿದ್ದ. ಆ ಕಡೆ ಕಂಬಳಿ ಹೊದ್ದ ಯಾರೋ ಒಬ್ಬರು ಕೂತಿದ್ದರು. ಅವರ ಮುಂದೆ ಒಂದು ರೊಟ್ಟಿ ಮುಟ್ಟದೆ ಹಾಗೇ ಇತ್ತು. ಅದರ ಕೆಳಗೆ ಒಣಗಿ ಹೋದ ಹಳೆಯ ರೊಟ್ಟಿಗಳ ಅಟ್ಟಿ.

“ಯಾರು?” ಎಂದ ತಮ್ಮ.

“ನಾನು ಕಣೋ. ಅಕ್ಕ.”

ಅವನು ಅವಳನ್ನು ನೋಡಿದ, ಆ ಕಡೆ ಕೂತವರನ್ನು ನೋಡಿದ. “ಅಕ್ಕ ಆಗಲೇ ಬಂದಿದ್ದಾಳಲ್ಲ,” ಎಂದ.

ಅವಳು ಹೋಗಿ ಕಂಬಳಿ ಸರಿಸಿದಳು. ಒಂದು ಕಲ್ಲು. ಸೌದೆ ಹೊರೆಯ ಮೇಲೆ ಕೂರಿಸಿದ, ತಲೆಯಷ್ಟು ದಪ್ಪದ, ನುಣ್ಣನೆಯ ಕಲ್ಲು.

ತಮ್ಮ ನಿಧಾನವಾಗಿ ವಿವರಿಸಿದ. ಇವಳು ಬರುವುದು ತಡವಾಯಿತು. ಅಕ್ಕ ಹೇಗೆ ಬರಬಹುದು, ಯಾವ ಕಡೆಯಿಂದ ಬರಬಹುದು ಎಂದು ಮೊದಲು ಒಳಗೇ ಮಾಡಿ ನೋಡೋಣ ಅನ್ನಿಸಿತು ಅವನಿಗೆ. ಅವನೂ ಅದೇ ಊರಿನವನಲ್ಲವೇ. ಕಲ್ಲನ್ನು ಹೊಸ್ತಿಲಲ್ಲಿಟ್ಟು, ಅಲ್ಲಿಂದ ನಡುಮನೆಗೆ ತಂದು, ನಡುಮನೆಯಿಂದ ಒಲೆಯ ಹತ್ತಿರ ತಂದ. ಕೆಲವು ದಿನ ಅಕ್ಕ ಹೊಸ್ತಿಲಲ್ಲೇ ಸತ್ತಳು. ಒಂದು ದಿನ ಬಂದು ತಲುಪಿದಳು. ಆಮೇಲೆ ಅವಳಿಗೂ ದಿನಾ ಅರ್ಧ ಹಿಟ್ಟು.

ಅಕ್ಕನಿಗೆ ಅಳು ಬಂತು, ಸಿಟ್ಟೂ ಬಂತು. ಬೈಯಬೇಕೆಂದು ಬಾಯಿ ತೆರೆದಳು. ಆದರೆ ಬೇರೆಯವನ ತಲೆಗೆ ಎಣ್ಣೆ ಹಚ್ಚಿ ಬಿಸಿನೀರು ಎರೆದ ಕೈ ಇದೇ ತಾನೇ. ಯಾವ ಬಾಯಲ್ಲಿ ಬೈಯುವುದು? ಅವಳು ಹತ್ತಿರ ಹೋಗಿ ಅವನ ಕೆನ್ನೆ ಮುಟ್ಟಿದಳು. ಅವನು ಹಿಂದೆ ಸರಿದ.

“ನಿನ್ನ ಕೈ ತಣ್ಣಗಿದೆ,” ಎಂದ. “ಅಕ್ಕನ ಕೈ ಬೆಚ್ಚಗಿರುತ್ತೆ.” ಕಲ್ಲಿನ ಮೇಲೆ ಅಂಗೈ ಇಟ್ಟ. ದಿನವಿಡೀ ಒಲೆಯ ಪಕ್ಕದಲ್ಲಿದ್ದ ಕಲ್ಲು ಬೆಚ್ಚಗೇ ಇತ್ತು.

ಅವಳು ನಿಜವಾಗಿಯೂ ತಣ್ಣಗಿದ್ದಳು. ಒಂದು ಗಳಿಗೆ ಅವಳಿಗೇ ಅನುಮಾನ ಬಂತು, ತಾನು ಇಳಿಜಾರಿನಲ್ಲಿ ಎದ್ದದ್ದು ಹೌದೋ ಅಲ್ಲವೋ ಎಂದು. ಒಣಗಿದ ರೊಟ್ಟಿಗಳನ್ನು ನೀರಲ್ಲಿ ನೆನೆಸಿ, ಮೊದಲು ಅವನಿಗೆ ತಿನ್ನಿಸಿದಳು, ಆಮೇಲೆ ತಾನು ತಿಂದಳು.

“ಊರಿಗೆ ಹೋಗೋಣ ಬಾ,” ಎಂದಳು.

“ಅಕ್ಕನ್ನ ಒಬ್ಳೇ ಬಿಟ್ಟು ಹೆಂಗೆ ಬರ್ಲಿ?”

ಅಕ್ಕ ಹೊರಗೆ ನೋಡಿದಳು. ಹಿಮ ಬೀಳುತ್ತಿತ್ತು, ಬಿಸಿಲೂ ಇತ್ತು. ಇನ್ನೊಂದು ಗಳಿಗೆ ವಾದಕ್ಕೆ ಕೂತರೆ ಎರಡರಲ್ಲಿ ಯಾವುದು ಉಳಿಯುತ್ತದೋ ಹೇಳುವಂತಿರಲಿಲ್ಲ. ಅವಳು ತನ್ನ ಗಂಟಿನಲ್ಲಿದ್ದದ್ದನ್ನೆಲ್ಲ ನೆಲಕ್ಕೆ ಸುರಿದಳು. ಕಲ್ಲನ್ನು ಅದರ ಕಂಬಳಿಯಲ್ಲೇ ಸುತ್ತಿ ಗಂಟಿನೊಳಗಿಟ್ಟು ಕಟ್ಟಿ ಬೆನ್ನಿಗೇರಿಸಿದಳು. ಸೊಂಟ ಬಾಗಿತು.

“ಈಗ ಬರ್ತೀಯಾ?”

ತಮ್ಮ ಎದ್ದ. ಒಲೆಯನ್ನು ಆರಿಸಿದ.

ಇಬ್ಬರೂ ಇಳಿದರು. ಅವಳು ಮುಂದೆ, ಅವನು ಹಿಂದೆ. ಅವನು ಗಂಟಿಗೆ ಬಾಯಿ ಹತ್ತಿರ ತಂದು ಮಾತಾಡಿಸುತ್ತಿದ್ದ. “ಅಕ್ಕ, ಚಳಿಯಾಗ್ತಿದ್ಯಾ?” ಎಂದು ಕೇಳುತ್ತಿದ್ದ. ಮುಂದಿನಿಂದ ಅವಳು, “ಇಲ್ಲ ಕಣೋ,” ಎನ್ನುತ್ತಿದ್ದಳು. “ಅಕ್ಕ, ಭಯ ಆಗ್ತಿದ್ಯಾ?” ಎನ್ನುತ್ತಿದ್ದ. “ಇಲ್ಲ ಕಣೋ,” ಎನ್ನುತ್ತಿದ್ದಳು. ಅವಳಿಗೆ ಚಳಿಯೂ ಆಗುತ್ತಿತ್ತು, ಭಯವೂ ಆಗುತ್ತಿತ್ತು. ಕಲ್ಲು ಆರಿ ತಣ್ಣಗಾಗಿ ಬೆನ್ನನ್ನು ಕೊರೆಯುತ್ತಿತ್ತು. ಗಂಟಿನ ಹಗ್ಗ ಹೆಗಲನ್ನು ಕುಯ್ಯುತ್ತಿತ್ತು. ಕಾಲು ಹುಗಿದಾಗ ಕಲ್ಲಿನ ತೂಕಕ್ಕೆ ಇನ್ನೂ ಆಳಕ್ಕೆ ಇಳಿಯುತ್ತಿದ್ದಳು, ಏಳುವಾಗ ಬಾಯಿಂದ ತಾನೇ ತಾನಾಗಿ ಒಂದು ನರಳಿಕೆ ಬರುತ್ತಿತ್ತು. ಇನ್ನು ಎಷ್ಟು ದೂರ ಎಂದು ಅವಳಿಗೆ ತಿಳಿಯದು. ದಾರಿ ಇದೇ ಹೌದೋ ಎಂದೂ ತಿಳಿಯದು.

ತೊರೆಯ ಹತ್ತಿರ ಅವಳು ಮಂಡಿಯೂರಿಬಿಟ್ಟಳು. ಹಿಂದಿನಿಂದ ಮಾತು ನಿಂತಿತು. ತಮ್ಮ ಹಿಮದಲ್ಲಿ ಕಾಲೆಳೆಯುತ್ತ ಅವಳನ್ನು ಸುತ್ತು ಹಾಕಿ ಮುಂದೆ ಬಂದ, ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ. ಗಂಟಿನ ಕಡೆ ನೋಡಲಿಲ್ಲ. ಅವಳ ಮುಖವನ್ನೇ ಬಹಳ ಹೊತ್ತು ನೋಡಿದ.

“ತುಂಬಾ ಭಾರ ಆಯ್ತಾ ಅಕ್ಕ?”

“ಹೂಂ ಕಣೋ,” ಎಂದಳು. “ತುಂಬಾ ಭಾರ ಆಯ್ತು.”

ಅವನು ಅವಳ ಹೆಗಲಿನಿಂದ ಹಗ್ಗ ಬಿಡಿಸಿ ಗಂಟನ್ನು ಇಳಿಸಿದ. ಕಲ್ಲನ್ನು ತೆಗೆದು ದಾರಿಯ ಪಕ್ಕಕ್ಕಿಟ್ಟ. ಕಂಬಳಿಯನ್ನು ಕೊಡವಿ ಅವಳಿಗೆ ಹೊದಿಸಿದ.